ಒಂಬತ್ತು ಟನ್ನಿನ ಸೂತಕ

ಒಂಬತ್ತು ಟನ್ ಕಲ್ಲಿದ್ದಲು ಇಲ್ಲವಾದ ಸುದ್ದಿ ತಿಳಿದದ್ದು ಸೋಮವಾರ ಬೆಳಗ್ಗೆ. ಅಮೆರಿಕದ ಗಣಿಯಿಂದ ಬಂದ ಮಾಲು ಅದು. ಕಾಗದದಲ್ಲಿ ನೂರು ಟನ್ ಇತ್ತು. ಪುಣೆಯ ಗೋದಾಮಿನ ವಜನಕಾಟಾದ ಮೇಲಿಟ್ಟು ತೂಗಿದರೆ ತೊಂಬತ್ತೊಂದೂ ತುಂಬಲಿಲ್ಲ. ತೂಕ ಬರೆಯುವ ಅಂಬಾರಾಯನ ಮುಖ ಆರಿದ ಒಲೆಯಂತಾಯಿತು.

ಮಾಲೀಕ ವಿಕ್ರಮ ಸಾಹೇಬರು ಸೊಲ್ಲಾಪುರದವರು. ಊರವರ ಜೊತೆಯೆಲ್ಲ ಮರಾಠಿ ಮಾತಾಡಿದರೂ ಬೈಯುವುದು ಮಾತ್ರ ಕನ್ನಡದಲ್ಲಿ.

"ಸಂಜೀ ಒಳಗ ಮಾಲು ಎಲ್ಲಿ ಅದ ತೋರಸು. ಇಲ್ಲಂದ್ರ ನಾಳಿಂದ ಬರಬ್ಯಾಡ!"

ಅಂಬಾರಾಯ ಊಟಕ್ಕೆಂದು ಯೆರವಡಾದ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ಪಕ್ಕದ ಮನೆಯ ಶಿವಕಾಂತಾ, ಸಾವಿನ ಮನೆಗೆ ತರುವಂತೆ ಬುತ್ತಿ ಹಿಡಿದು ಬಂದಿದ್ದಳು.

"ಭಾಳ ಕೆಟ್ಟಾಯ್ತ್ರಿ ಅಣ್ಣ. ಹೆಂಗ ಹೋಯ್ತು? ನಿನ್ನಿ ಛಂದಿತ್ತೇನು?" ಎನ್ನುತ್ತ ಆಕೆ ಮೆಲ್ಲಗೆ ಮಂಚದ ಕೆಳಗೆ ಬಗ್ಗಿ ನೋಡಿದಳು.

"ಅಲ್ಲೇನು ಹುಡಕ್ತೀಯವ್ವ?" ಅಂಬಾರಾಯನ ಹೆಂಡತಿ ಚಂದಮ್ಮ ಸಿಡುಕಿದಳು. "ನನ್ನ ಟ್ರಂಕೇ ಅದರ ಕೆಳಗ ಹೋಗಂಗಿಲ್ಲ, ಒಂಬತ್ತು ಟನ್ ಹೋಗ್ತದ?"

ಗದ್ದಲ ಕೇಳಿ ಮಹಡಿಯಿಂದ ಬೆಂಗಳೂರಿನ ಇಂಜಿನಿಯರ್ ಮಧುಕರ್ ಇಳಿದು ಬಂದ.

"ಅಂಕಲ್, ಯಾರೂ ಕದ್ದಿಲ್ಲ. ನಮ್ಮ ಟನ್ ಸಾವಿರ ಕಿಲೋ. ಅಮೆರಿಕದವರ ಟನ್ ಬರೀ ಒಂಬೈನೂರ ಏಳು. ಇಂಗ್ಲೆಂಡಿನ ಹಳೇ ಟನ್ ಸಾವಿರದ ಹದಿನಾರು!"

"ಹೆಸರು ಒಂದೇ, ಮೈಕಟ್ಟು ಮೂರು ನಮೂನಿ ಏನಪಾ?" ಅಂಬಾರಾಯ ಕೇಳಿದ.

"ಹೌದು. ಅವರ ನೂರು ಟನ್ ಅಂದ್ರೆ ನಮ್ಮ ತೊಂಬತ್ತು ಚಿಲ್ಲರೆ. ನಿಮ್ಮ ತೂಕ ಕರೆಕ್ಟಾಗಿದೆ."

ಅಂಬಾರಾಯ ಎಂಜಲು ಕೈಯಲ್ಲೇ ಓಡಿದ. ಸಾಹೇಬರ ಮುಂದೆ ಎದೆಯುಬ್ಬಿಸಿ, ಸಾಲಿ ಮಾಸ್ತರನಂತೆ ಮೂರೂ ಟನ್ನುಗಳ ಪಾಠ ಮಾಡಿದ. ಸಾಹೇಬರು ಕಾಗದ ತಾಳೆ ನೋಡಿ ನಕ್ಕರು. "ಭೇಷ್! ನೀ ಖರೇ ಮನಶ್ಯಾ" ಎಂದು ಚಹಾ ತರಿಸಿದರು.

ಚಹಾ ಕುಡಿಯುತ್ತ ತೂಕದ ಹಳೇ ವಹಿ ತಿರುವಿದರು. ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು.

"ಅಂಬಾರಾಯ, ಮಾರ್ಚ್, ಏಪ್ರಿಲ್, ಮೇ. ಅದೇ ಗಣಿ, ಅದೇ ನೂರು ಟನ್. ನಮ್ಮ ಕಾಟಾದಾಗೂ ಪ್ರತಿ ಸಲ ನೂರಕ್ಕ ನೂರು ಬಂತಂತ ನಿನ್ನ ಸಹಿ ಅದ. ಅದ್ಹೆಂಗ ತೂಗಿದಿ?"

ಅಂಬಾರಾಯ ತನ್ನ ಚಹಾ ಕೆಳಗಿಟ್ಟ. ಮೂರು ತಿಂಗಳೂ ಅವನು ಕಾಗದದ ಅಂಕಿಯನ್ನೇ ಇಳಿಸಿಕೊಂಡು, ಕಾಟಾದ ಕೋಣೆಯಲ್ಲಿ ಟವೆಲ್ ಹಾಸಿ ಮಲಗಿದ್ದ. ನಿಜವಾಗಿ ತೂಗಿದ್ದು ಇವತ್ತೊಂದೇ ದಿನ, ಅದೂ ಸೆಕೆಗೆ ನಿದ್ದೆ ಹತ್ತಲಿಲ್ಲವೆಂದು.

ಸಂಜೆ ಚಂದಮ್ಮ ದೇವರ ಮುಂದೆ ದೀಪ ಹಚ್ಚಿ ಕೈಮುಗಿದಳು.

"ಶರಣಬಸಪ್ಪಾ, ನನ್ನಪ್ಪಾ, ನಮ್ಮನಿಯವ್ರ ನೌಕರಿ ನಿನ್ನ ಪಾದ ಸೇರ್ಯದ. ಯಾರಿಗೂ ಕೆಡಕು ಬಗೀಲಿಲ್ಲ, ಮಲಕೊಂಡೇ ಇತ್ತು ಪಾಪ. ಅದಕ್ಕ ಶಾಂತಿ ಕೊಡು ತಂದಿ."