ಕಣ್ಣಿನ ಡಾಕ್ಟ್ರು ಕಾಲು ನೋಡಿದ್ದು

ಚನಿಯಪ್ಪ: ಚಪ್ಪಲಿ ಯಾಕೆ ತೆಗೀಬೇಕು ಡಾಕ್ಟ್ರೇ? ಪೊರೆ ಬಂದದ್ದು ಕಣ್ಣಿಗೆ.

ಪೂಜಿತಾ: ಗೊತ್ತುಂಟು. ಕಾಲು ತೋರಿಸಿ.

ಪೂಜಿತಾ ಸುಳ್ಯದಲ್ಲಿ ಕಣ್ಣಿನ ಸರ್ಜನ್. ಸಂಪಾಜೆಯ ಕೃಷಿಕ ಚನಿಯಪ್ಪನವರಿಗೆ ಮರುದಿನ ಪೊರೆಯ ಆಪರೇಷನ್ ಎಂದು ನಿಶ್ಚಯವಾಗಿತ್ತು. ಹೆಂಡತಿ ಕಮಲಾವತಿ ಪಕ್ಕದಲ್ಲಿ ಕೂತಿದ್ದರು.

ಪೂಜಿತಾ: ಕಣ್ಣಿನ ಹಿಂಭಾಗದಲ್ಲಿ ರಕ್ತದ ಚುಕ್ಕೆ ಕಾಣ್ತದೆ. ಶುಗರ್ ಇರ್ಬಹುದು.

ಚನಿಯಪ್ಪ: ಸಾಧ್ಯವೇ ಇಲ್ಲ. ನಾನು ಕಾಫಿಗೆ ಸಕ್ಕರೆ ಹಾಕುದಿಲ್ಲ.

ಕಮಲಾವತಿ: ಬೆಲ್ಲ ಹಾಕ್ತಾರೆ.

ಚನಿಯಪ್ಪ: ಡಾಕ್ಟ್ರು ಕೇಳಿದ್ದು ನನ್ನತ್ರ.

ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಶುಗರ್ ನಾನೂರರ ಹತ್ತಿರ ಇತ್ತು.

ಚನಿಯಪ್ಪ: ಇದು ಕಣ್ಣಾಸ್ಪತ್ರೆಯ ಮಿಷನ್. ಬೇರೆ ಮಿಷನ್‌ನಲ್ಲಿ ಕಮ್ಮಿ ಬರ್ಬಹುದು.

ಪೂಜಿತಾ: ಚಪ್ಪಲಿ.

ಚನಿಯಪ್ಪ: ನೀವು ಕಲಿತದ್ದು ಕಣ್ಣಲ್ವಾ?

ಪೂಜಿತಾ: ಕಣ್ಣಿಗಿಂತ ಮೊದಲು ಇಡೀ ಮನುಷ್ಯನನ್ನು ಕಲ್ತಿದ್ದೇನೆ.

ಚನಿಯಪ್ಪ: ಅದೆಲ್ಲ ಮರ್ತು ಹೋಗಿರ್ತದೆ.

ಪೂಜಿತಾ: ಮರೆಯದ ಹಾಗೆ ಈಗಲೂ ಓದ್ತೇನೆ.

ಚನಿಯಪ್ಪ: ಈಗಲೂ? ಆಗ ಪಾಸಾಗಲಿಲ್ವಾ?

ಕಮಲಾವತಿ ಬಗ್ಗಿ ತಾವೇ ಗಂಡನ ಚಪ್ಪಲಿ ಎಳೆದು ತೆಗೆದರು. ಬಲಗಾಲಿನ ಹೆಬ್ಬೆರಳ ಅಡಿಯಲ್ಲಿ ಗಾಯವಿತ್ತು, ಸುತ್ತ ಕಪ್ಪಾಗಿತ್ತು.

ಕಮಲಾವತಿ: ಇದು ಯಾವಾಗ ಆದದ್ದು ಮಾರಾಯ್ರೆ?

ಚನಿಯಪ್ಪ: ನನಗೆಂತ ಗೊತ್ತು? ನೋವೇ ಇಲ್ಲ.

ಪೂಜಿತಾ: ನೋವಿಲ್ಲದ್ದೇ ನನಗೆ ಹೆದರಿಕೆ. ಕಣ್ಣು ಮುಚ್ಚಿ. ಪೆನ್ನು ಎಲ್ಲಿ ಮುಟ್ಟಿದೆ ಹೇಳಿ.

ಚನಿಯಪ್ಪ ಕಣ್ಣು ಮುಚ್ಚಿ ಕೂತರು. ಪೂಜಿತಾ ಹೆಬ್ಬೆರಳನ್ನು ಮುಟ್ಟಿದರು, ಅಂಗಾಲನ್ನು ಮುಟ್ಟಿದರು, ಹಿಮ್ಮಡಿಯನ್ನೂ ಮುಟ್ಟಿದರು.

ಚನಿಯಪ್ಪ: ಮುಟ್ಟಿ ಡಾಕ್ಟ್ರೇ, ಎಷ್ಟು ಹೊತ್ತು ಕಾಯುದು?

ಅವರು ಕಣ್ಣು ತೆರೆದು ಹೆಂಡತಿಯ ಮುಖ ನೋಡಿದರು. ಕಮಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಚನಿಯಪ್ಪ: ಮುಟ್ಟಿ ಆಯ್ತಾ?

ಕಮಲಾವತಿ: ಮೂರು ಸಲ.

ಚನಿಯಪ್ಪ ತಮ್ಮ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

ಚನಿಯಪ್ಪ: ಕಾಲು ಹೋಗ್ತದಾ?

ಪೂಜಿತಾ: ಇವತ್ತೇ ಮದ್ದು ಶುರು ಮಾಡಿದ್ರೆ ಉಳಿಸ್ಲಿಕ್ಕೆ ಆಗ್ಬಹುದು. ಲತೀಶ್ ಅಂತ ಶುಗರಿನ ಡಾಕ್ಟ್ರು ಇದ್ದಾರೆ, ನಾನೇ ಫೋನ್ ಮಾಡ್ತೇನೆ. ಕಣ್ಣಿನ ಆಪರೇಷನ್ ಆಮೇಲೆ ಮಾಡುವ.

ಚನಿಯಪ್ಪ: ನಾಳೆ ನೆಂಟರೆಲ್ಲ ಕಿತ್ತಳೆ ಹಿಡ್ಕೊಂಡು ನೋಡ್ಲಿಕ್ಕೆ ಬರ್ತಾರೆ.

ಕಮಲಾವತಿ: ಬರ್ಲಿ. ಕಾಲು ತೋರಿಸುವ.

ಗಂಡ ಹೆಂಡತಿ ಹೊರಟ ಮೇಲೆ ಪೂಜಿತಾ ಬಾಗಿಲು ಹಾಕಿಕೊಂಡರು. ರೋಗಿಯ ಕಾಲನ್ನು ಪರೀಕ್ಷಿಸದೆ ವರ್ಷಗಳೇ ಆಗಿದ್ದವು. ಹೇಳಿದ್ದು ಸರಿಯೋ ಎಂದು ಪುಸ್ತಕ ತೆರೆದು ಇನ್ನೊಮ್ಮೆ ನೋಡಿಕೊಂಡರು. ಸರಿಯೇ ಇತ್ತು.

ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಬೆರಳು, ಕಾಲು ಎರಡೂ ಉಳಿದವು. ಶುಗರ್ ಹತೋಟಿಗೆ ಬಂದ ಮೇಲೆ ಪೂಜಿತಾ ಪೊರೆಯನ್ನೂ ತೆಗೆದರು. ಮುಂದಿನ ವಾರದ ತಪಾಸಣೆಗೆ ಬಂದ ಚನಿಯಪ್ಪ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದರು.

ಚನಿಯಪ್ಪ: ಊರಿನಲ್ಲಿ ನಿಮ್ಮ ಹೆಸರು ಎಲ್ಲರ ಹತ್ರವೂ ಹೇಳಿದ್ದೇನೆ ಡಾಕ್ಟ್ರೇ. ನಾಳೆ ನಾಲ್ಕು ಜನ ಬರ್ತಾರೆ.

ಪೂಜಿತಾ: ಎಲ್ಲರಿಗೂ ಪೊರೆಯಾ?

ಚನಿಯಪ್ಪ: ಇಲ್ಲ, ಕಾಲು.

ಪೂಜಿತಾ: ಕಣ್ಣಿಗೆ ಯಾರೂ ಇಲ್ವಾ?

ಚನಿಯಪ್ಪ: ಇಬ್ಬರು ಇದ್ದಾರೆ. ಅವರು ಪುತ್ತೂರಿನ ಕಣ್ಣಿನ ಡಾಕ್ಟ್ರತ್ರ ಹೋಗ್ತಾರಂತೆ.