ಗಿಣಿ ಡಬ್ಬಿ

ಶಹಾಬಾದಿ ಕಲ್ಲಿನ ಕಿಟಕಿಕಟ್ಟೆ. ಅದರ ಮೇಲೆ ವಾರದಿಂದ ನಿಧಾನವಾಗಿ ಇಳಿದು ಕೂತ ಧೂಳು, ಮಗುವಿನ ಕೆನ್ನೆಗೆ ಹಚ್ಚಿದ ಪೌಡರಿನಷ್ಟು ನವಿರು. ಒಂದು ಮೂಲೆಯಲ್ಲಿ ಬಣ್ಣದ ಸೀಮೆಸುಣ್ಣದ ತುಂಡುಗಳು, ಇನ್ನೊಂದು ಮೂಲೆಯಲ್ಲಿ ಮುಚ್ಚಳ ಕಳೆದುಕೊಂಡ ಪೆನ್ನು. ನಡುವೆ, ಧೂಳು ಮುಟ್ಟದ ಒಂದು ವೃತ್ತ. ಅಂಗೈಯಗಲದ ಆ ವೃತ್ತದೊಳಗೆ ಕಲ್ಲು ತನ್ನ ನಿಜವಾದ ಬೂದುಬಣ್ಣದಲ್ಲಿ ತಣ್ಣಗೆ ಹೊಳೆಯುತ್ತಿತ್ತು. ಸರಳುಗಳ ನಡುವೆ ತೂರಿ ಬಂದ ಎಳೆಬಿಸಿಲು ಬೇರೆಲ್ಲೂ ಜಾಗ ಸಿಗದಂತೆ ಅಲ್ಲಿಯೇ ಬಂದು ಕೂತಿತ್ತು. ಇಲ್ಲದ್ದನ್ನು ತೋರಿಸುವುದರಲ್ಲಿ ಬೆಳಕಿಗೆ ಇರುವಷ್ಟು ಉತ್ಸಾಹ ನೆರೆಹೊರೆಯವರಿಗೂ ಇರುವುದಿಲ್ಲ.

ಆ ವೃತ್ತದಲ್ಲಿ ಇರಬೇಕಾದದ್ದು ಒಂದು ಡಬ್ಬಿ.

ಆಸ್ಟ್ರಿಡ್ ಟೀಚರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಆ ಖಾಲಿ ಜಾಗವನ್ನು ನೋಡುತ್ತ ನಿಂತಳು. ನಾರ್ವೆ ದೇಶದ ಕಡಲತಡಿಯ ಊರೊಂದರಿಂದ ಮಿಷನ್ನಿನ ಕೆಲಸಕ್ಕೆಂದು ಅವಳು ಕಲಬುರಗಿಗೆ ಬಂದು ಎರಡು ವರ್ಷವಾಗಿತ್ತು. ಜೇವರ್ಗಿ ಕಾಲೋನಿಯ ಭಾಗೀರಥಿಬಾಯಿಯವರ ಮನೆಯ ಮಾಳಿಗೆಕೋಣೆಯಲ್ಲಿ ವಾಸ. ದಿನವೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಅಲ್ಲಿಯ ಮಿಷನ್ ಬಾಲವಾಡಿಯ ಮಕ್ಕಳಿಗೆ ಹಾಡು, ಕತೆ, ಮೂಗೊರೆಸಿಕೊಳ್ಳುವ ವಿದ್ಯೆ ಇವುಗಳನ್ನು ಕಲಿಸುವುದು ಅವಳ ಕಾಯಕ. ಪುಸ್ತಕದಿಂದ ಕಲಿತ ಅವಳ ಕನ್ನಡಕ್ಕೆ ಒಂದು ಸುಕ್ಕೂ ಇರಲಿಲ್ಲ. ಈಗಷ್ಟೇ ಇಸ್ತ್ರಿಯಂಗಡಿಯಿಂದ ಬಂದಂತಿತ್ತು. 'ಆಸ್ಟ್ರಿಡ್' ಎಂಬುದು ನಾಲಗೆಯ ಮೇಲೆ ಹೊರಳದೆ ಭಾಗೀರಥಿಬಾಯಿ ಮೊದಲ ದಿನವೇ ಅವಳನ್ನು ಆಶಾಬಾಯಿ ಮಾಡಿಬಿಟ್ಟಿದ್ದರು.

ಅವಳ ಊರಿನಲ್ಲಿ ಯಾರಾದರೂ ಡಬ್ಬಿಯಲ್ಲಿ ತಿಂಡಿ ಕೊಟ್ಟರೆ ತಿಂದು, ಡಬ್ಬಿ ತೊಳೆದು, ಒರೆಸಿ, ಕೃತಜ್ಞತೆಯೊಂದಿಗೆ ಖಾಲಿ ಹಿಂದಿರುಗಿಸುವುದು ಸಭ್ಯತೆ. ಇಲ್ಲಿಗೆ ಬಂದ ಹೊಸತರಲ್ಲಿ ಹಾಗೆಯೇ ಮಾಡಿದಾಗ ಭಾಗೀರಥಿಬಾಯಿ ಡಬ್ಬಿಯೊಳಗೆ ಬಾವಿಯೊಳಗೆ ಇಣುಕುವಂತೆ ಇಣುಕಿ, "ಖಾಲಿ ಡಬ್ಬಿ ಕೊಡಬಾರದ್ರಿ ಆಶಾಬಾಯಿ. ಒಂದು ಚೂರು ಸಕ್ಕರಿ ಆದ್ರೂ ಹಾಕಬೇಕು" ಎಂದಿದ್ದರು. ಆದರೆ ಮಡಿವಂತರಾದ ಅವರು ಪರರು ಬೇಯಿಸಿದ್ದನ್ನು ತಿನ್ನುವವರಲ್ಲ. ಅಂದಿನಿಂದ ಡಬ್ಬಿಗೆ ಏನು ತುಂಬಬೇಕೆಂಬುದು ಅವಳ ಪಾಲಿಗೆ ನಿತ್ಯದ ಧರ್ಮಸಂಕಟವಾಗಿತ್ತು.

ಕಳೆದ ವಾರ ಬಂದದ್ದಂತೂ ಅಂತಿಂಥ ಡಬ್ಬಿಯಲ್ಲ. ಭಾಗೀರಥಿಬಾಯಿಯವರ ತಾಯಿ ರಾಧಾಬಾಯಿಯದು. ಹೊಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿದ ಗಿಣಿ, ಅದರ ಕೆಳಗೆ ಹೆಸರು, ಬದಿಯಲ್ಲಿ ಒಂದು ತಗ್ಗು. "ಇದು ಹೊರಗ ಯಾರ ಮನೀಗೂ ಹೋಗಿಲ್ಲ. ನೀವು ಅವ್ವನ್ನ ಬಿಟ್ಟು ಇಷ್ಟು ದೂರ ಬಂದೀರಿ, ಅದಕ್ಕ ನಮ್ಮ ಅವ್ವನ ಡಬ್ಬ್ಯಾಗ ಕೊಡಾಕತ್ತೀನಿ" ಎಂದು ಶೇಂಗಾ ಉಂಡಿ ತುಂಬಿ ಕೊಟ್ಟಿದ್ದರು. ಆ ಮಾತು ಕೇಳಿ ಆಸ್ಟ್ರಿಡ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿದ್ದಳು. ಡಬ್ಬಿಯ ಫೋಟೋ ತೆಗೆದು ತಾಯಿಗೂ ಕಳಿಸಿದ್ದಳು.

ಅಂಥ ಡಬ್ಬಿಗೆ ಕಮಲಾಪುರದ ಕೆಂಪು ಬಾಳೆಹಣ್ಣೇ ತಕ್ಕದ್ದೆಂದು ನಿರ್ಧರಿಸಿ, ಹಣ್ಣು ಹಿಡಿಯುತ್ತದೋ ಇಲ್ಲವೋ ಅಳತೆ ನೋಡಲು ನಿನ್ನೆ ಡಬ್ಬಿಯನ್ನೇ ಅಲ್ಲಿಗೆ ಒಯ್ದಿದ್ದಳು. ಒಯ್ದದ್ದು ನೆನಪಿತ್ತು. ತಂದದ್ದು ನೆನಪಿರಲಿಲ್ಲ.

"ಆಶಾಬಾಯೀ, ಎದ್ದೀರೇನ್ರಿ?" ಕೆಳಗಿನಿಂದ ಭಾಗೀರಥಿಬಾಯಿಯ ದನಿ ಮೆಟ್ಟಿಲು ಹತ್ತಿ ಬಂತು.

"ಎದ್ದಿದ್ದೇನೆ, ಬಾಯಿಯವರೇ."

"ಆ ಗಿಣಿ ಡಬ್ಬಿ ಇವತ್ತು ಬೇಕಾಗೇದ. ನಾಳೆ ಮುಂಜಾನೆ ಸೋಲಾಪುರದಿಂದ ಅಕ್ಕ ಬರ್ತಾಳ. ಬಂದ ಕೂಡ್ಲೆ ಅಕೀ ಮದ್ಲ ಅಡಗೀಮನಿ ಹಲಗೀ ನೋಡ್ತಾಳ, ನನ್ನ ಮಾರಿ ಆಮ್ಯಾಲ. ದೊಡ್ಡಾಕಿ ನಾನು, ಅವ್ವನ ಡಬ್ಬಿ ನನಗ ಸೇರಬೇಕಿತ್ತು ಅಂತ ಮೂವತ್ತು ವರ್ಷದಿಂದ ಜಗಳ ನಡದದ. ಡಬ್ಬಿ ಕಾಣ್ಲಿಲ್ಲಂದ್ರ ಕಳದೀನಿ ಅಂತ ಬಳಗಕ್ಕೆಲ್ಲ ಡಂಗುರ ಹೊಡೀತಾಳ. ದೀಪ ಹಚ್ಚೂದ್ರೊಳಗ ಕೊಟ್ಟುಬಿಡ್ರಿ."

"ಖಂಡಿತವಾಗಿ ಕೊಡುತ್ತೇನೆ" ಎಂದಳು ಆಸ್ಟ್ರಿಡ್. ಖಂಡಿತವಾಗಿ ಎಂಬ ಶಬ್ದ ಪುಸ್ತಕದಲ್ಲಿ ಎಷ್ಟು ಸಲೀಸಾಗಿತ್ತು.

ಬಸ್ಸಿನಲ್ಲಿ ಕೂತು ಅವಳು ಪ್ರಾರ್ಥಿಸಿದಳು. ಲೋಕದಲ್ಲಿ ಅಷ್ಟೊಂದು ದುಃಖವಿರುವಾಗ ಒಂದು ಡಬ್ಬಿಗಾಗಿ ದೇವರನ್ನು ಕರೆಯುವುದಕ್ಕೆ ಸಂಕೋಚವಾಗಿ, ಮೊದಲು ಜಗತ್ತಿನ ಶಾಂತಿಯನ್ನು ಬೇಡಿ, ಕೊನೆಯಲ್ಲಿ ಅಡಿಟಿಪ್ಪಣಿಯಂತೆ ಡಬ್ಬಿಯನ್ನು ಸೇರಿಸಿದಳು.

ಬಾಲವಾಡಿಗೆ ಹೋದರೆ ಆಯಾ ಮಸ್ತಾನಬಿಯ ಸುಳಿವಿಲ್ಲ. ಮಕ್ಕಳು ಮಾತ್ರ ಬಂದಿದ್ದರು, ಎಂದಿಗಿಂತ ಹೆಚ್ಚಾಗಿ ಬಂದಿದ್ದರು. ಅಂದಿನ ಪಾಠ ಕಳೆದುಹೋದ ಕುರಿಯ ಕತೆ. ಕುರಿಗಾಹಿ ಬೆಟ್ಟಗುಡ್ಡ ಅಲೆದು ಕುರಿ ಹುಡುಕುವ ಭಾಗಕ್ಕೆ ಬಂದಾಗ ಅವಳ ದನಿ ನಿಜವಾಗಿಯೂ ನಡುಗಿತು.

"ಮಕ್ಕಳೇ, ನಿನ್ನೆ ನನ್ನ ಬಳಿ ಗಿಣಿಯ ಚಿತ್ರವಿದ್ದ ಒಂದು ಡಬ್ಬಿ ಇತ್ತು. ಅದನ್ನು ಯಾರು ನೋಡಿದಿರಿ?"

ಎಲ್ಲ ಕೈಗಳೂ ಮೇಲೆದ್ದವು. ಒಬ್ಬನಿಗೆ ಅದು ಬಸ್ಸಿನ ಗಾಲಿಯ ಕೆಳಗೆ ಕಂಡಿತ್ತು. ಒಬ್ಬಳ ಪ್ರಕಾರ ಗಿಣಿ ಹಾರಿಹೋಗಿ ಡಬ್ಬಿ ಅಳುತ್ತ ಕೂತಿತ್ತು. ಸನಾ ಎಂಬ ಪುಟ್ಟ ಹುಡುಗಿ ಎದ್ದು ನಿಂತು, "ಟೀಚರ್, ಅದು ಮಂಗ್ಯಾನ ತಲೀ ಮ್ಯಾಲ ಅದ. ಟೊಪಗಿ ಮಾಡ್ಕೊಂಡದ" ಎಂದಳು. ಕಿಟಕಿಗೆ ಧಾವಿಸಿದ ಮಕ್ಕಳನ್ನು ಮರಳಿ ಕೂಡಿಸುವಷ್ಟರಲ್ಲಿ ಕುರಿಯೂ ಕುರಿಗಾಹಿಯೂ ಇಬ್ಬರೂ ಕಳೆದುಹೋಗಿದ್ದರು.

ಮಧ್ಯಾಹ್ನ ಮಕ್ಕಳು ಮನೆಗೆ ಹೋದದ್ದೇ ತಡ, ಆಸ್ಟ್ರಿಡ್ ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನ ಬಂಡಿಗೆ ಓಡಿದಳು. ಭೀಮಶಾ ಹಣ್ಣಿನ ಮೇಲಿನ ನೊಣಗಳನ್ನು ಗೌರವದಿಂದ ಓಡಿಸುತ್ತಿದ್ದ.

"ಭೀಮಶಾ ಅವರೇ, ನಿನ್ನೆ ನಾನು ನಿಮ್ಮಲ್ಲಿ ಒಂದು ಡಬ್ಬಿಯನ್ನು ಮರೆತಿದ್ದೇನೆಯೇ?"

"ನೀವು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ್ರಿ ಟೀಚರ್. ಮರ್ತೀರಿ, ಹೌದು. ನಿನ್ನೆ ಚಂಜೀಕೇ ನಿಮ್ಮ ಮಸ್ತಾನಬಿ ಕೈಯಾಗ ಕೊಟ್ಟೀನಿ. ಖಾಲಿ ಹ್ಯಾಂಗ ಕೊಡ್ಲಿ ಅಂತ ಎರಡು ಹಿಡಿ ಶೇಂಗಾನೂ ಹಾಕೀನಿ."

ಆಸ್ಟ್ರಿಡ್‌ಗೆ ಕೃತಜ್ಞತೆಯಿಂದ ಅವನ ಬಂಡಿಗೆ ಒಂದು ಪ್ರದಕ್ಷಿಣೆ ಬರಬೇಕೆನ್ನಿಸಿತು. ಮಸ್ತಾನಬಿಯ ಮನೆ ಎರಡು ಓಣಿ ಆಚೆ. ನಡೆಯುತ್ತಲೇ ಫೋನು ಹಚ್ಚಿದಳು. ಮನೆ ಹತ್ತಿರವಾದಂತೆ ಆ ಫೋನಿನ ಗಂಟೆ ಇನ್ನೊಂದು ಕಡೆಯಿಂದಲೂ ಕೇಳತೊಡಗಿತು: ಬೀಗ ಹಾಕಿದ ಬಾಗಿಲಿನ ಒಳಗಿನಿಂದ.

ಪಕ್ಕದ ಮನೆಯ ಬುಶ್ರಾ ಬಟ್ಟೆ ಒಣಹಾಕುತ್ತ, "ಅತ್ತಿ-ಸೊಸಿ ಇಬ್ರೂ ಮುಂಜಾನೇ ಕಲಬುರಗಿಗಿ ಹೋಗ್ಯಾರ್ರಿ. ಸೊಸಿ ಗೌಸಿಯಾಗ ದವಾಖಾನಿಗಿ ತೋರ್ಸಬೇಕಿತ್ತು. ಫೋನ್ ಚಾರ್ಜಿಗಿ ಇಟ್ಟು ಅಲ್ಲೇ ಬಿಟ್ಟಾಳ" ಎಂದಳು.

"ಅವರ ಬಳಿ ಒಂದು ಡಬ್ಬಿ ಇತ್ತೇ?"

"ತೋತಾ, ಗಿಣಿ ಇದ್ದದ್ದಾ? ಹಾಂ, ಬಗಲಾಗ ಇಟ್ಕೊಂಡೇ ಹೋದ್ಲು. ಶೇಂಗಾ ನಾವೆಲ್ಲ ಕೂಡಿ ತಿಂದೀವಿ. ಈಗ ಅದರಾಗ ಖಜೂರ ತುಂಬ್ಯಾಳ. ಯಾರದೋ ಮನೀಗಿ ಕೊಡೂದದ ಅಂದ್ಲು."

"ಯಾರ ಮನೆಗೆ?"

"ಅದೆಲ್ಲ ಕೇಳಾಕ ನಾ ಏನು ಪೋಲೀಸ್ನೋಳೇನ್ರಿ?"

ಆಸ್ಟ್ರಿಡ್ ಕಟ್ಟೆಯ ಮೇಲೆ ಕೂತಳು. ಯಾರದೋ ಮನೆ. ಆ ಮನೆಯವರು ಖರ್ಜೂರ ತಿಂದು ಮತ್ತೇನೋ ತುಂಬಿ ಇನ್ನಾರಿಗೋ ಕೊಡುತ್ತಾರೆ. ರಾಧಾಬಾಯಿಯ ಗಿಣಿ ಹೀಗೆ ತುಂಬುತ್ತ ಬರಿದಾಗುತ್ತ ಕೈಯಿಂದ ಕೈಗೆ ದಾಟಿ, ಹೈದರಾಬಾದು ಕಳೆದು, ಸಮುದ್ರ ಕಳೆದು, ಒಂದು ದಿನ ನಾರ್ವೆಯಲ್ಲಿ ತನ್ನ ತಾಯಿಯ ಮೇಜಿನ ಮೇಲೆ ಬಂದು ಕೂರುವುದು ಅವಳ ಕಣ್ಣಿಗೆ ಕಟ್ಟಿತು. ಅಮ್ಮ ಅದನ್ನು ತೊಳೆದು, ಒರೆಸಿ, ಖಾಲಿ ಹಿಂದಿರುಗಿಸುತ್ತಾಳೆ. ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ.

ಎರಡು ವರ್ಷ ಈ ಊರಿನಲ್ಲಿ ಅವಳನ್ನು ಎಲ್ಲರೂ ಗೌರವಿಸಿದ್ದರು. ತಾಯಿಯ ವಸ್ತುವನ್ನು ನಂಬಿ ಕೈಯಲ್ಲಿಟ್ಟವರು ಭಾಗೀರಥಿಬಾಯಿ ಒಬ್ಬರೇ. ಕಳೆದೆ ಎಂದು ಅವರ ಮುಖ ನೋಡಿ ಹೇಳುವ ಕನ್ನಡ ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಾಗಾಗಿ, ದೇವರಿಗೆ ಬೆನ್ನು ತಿರುಗಿಸಿ ಕಲಬುರಗಿಯ ಬಸ್ಸು ಹತ್ತಿದ ಮಿಷನ್ ಶಿಕ್ಷಕಿ ಜಗತ್ ಸರ್ಕಲ್ಲಿನಲ್ಲಿ ಇಳಿದು ಜಹಾಂಗೀರನ ಪಾತ್ರೆಯಂಗಡಿ ಹೊಕ್ಕಳು. ಫೋನಿನಲ್ಲಿದ್ದ ಫೋಟೋ ನೋಡಿ ಜಹಾಂಗೀರ್ ಕನ್ನಡಕ ಏರಿಸಿದ.

"ಹಳೇ ಮಾಲು ಅದ ಇದು. ಈಗ ಯಾರು ಮಾಡ್ತಾರ್ರಿ?" ಎಂದು ಗೊಣಗುತ್ತ ಅಟ್ಟ ಹತ್ತಿ, ಧೂಳು ತಿಂದು ಬೆಳೆದಂತಿದ್ದ ಒಂದು ಡಬ್ಬಿ ತಂದ. ಒರೆಸಿದರೆ ಅದೇ ಆಕಾರ, ಅದೇ ಗಾತ್ರ. "ತೋತಾ, ಹೆಸರು, ಎಲ್ಲಾ ಹಿಂಗೇ ಹಾಕಬೇಕಾ? ರಾಧಾಬಾಯಿ ಅಂದ್ರ ನೀವೇ ಏನ್ರಿ?"

ಹೌದೆಂದರೆ ಸುಳ್ಳು. ಅಲ್ಲವೆಂದರೆ ಇಡೀ ಕತೆ. ಆಸ್ಟ್ರಿಡ್ ನೆಲ ನೋಡಿದಳು. ಜಹಾಂಗೀರ್ ಅದನ್ನು ನಾಚಿಕೆಯೆಂದು ತಿಳಿದ.

"ಛಲೋ ಹೆಸರು ಇಟ್ಕೊಂಡೀರಿ, ರಾಧಾಬಾಯಿ" ಎಂದು ಹೆಸರು ಕೆತ್ತುವ ಯಂತ್ರ ಹಚ್ಚಿದ. ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರು ಬೆಳ್ಳಗಿನ ರಾಧಾಬಾಯಿಯನ್ನು ಮೇಲಿಂದ ಕೆಳಗೆ ನೋಡಿ, ಒಬ್ಬರ ಕಿವಿಯಲ್ಲೊಬ್ಬರು ಮಾತಾಡಿಕೊಂಡರು.

ಕೆಲಸ ಮುಗಿದಾಗ ಹೆಸರು ಮುತ್ತಿನಂತೆ ಬಂದಿತ್ತು. ಗಿಣಿ ಮಾತ್ರ ಮೊಟ್ಟೆಯಿಡಲು ಜಾಗ ಹುಡುಕುತ್ತಿರುವಂತೆ ಕಾಣುತ್ತಿತ್ತು.

"ಇದು ಕೋಳಿಯಲ್ಲವೇ?" ಎಂದಳು ಆಸ್ಟ್ರಿಡ್ ಮೆಲ್ಲಗೆ.

"ಕೊಕ್ಕು ನೋಡ್ರಿ, ಕೊಕ್ಕು. ತೋತಾನೇ ಅದ. ಸ್ವಲ್ಪ ಉಂಡು ತಿಂದು ದಪ್ಪ ಆಗೇದ, ಅಷ್ಟೇ." ಜಹಾಂಗೀರ್ ಪಕ್ಕದ ಅಂಗಡಿಯಿಂದ ಒಂದು ಹಿಡಿ ಕಲ್ಲುಸಕ್ಕರೆ ತರಿಸಿ ಒಳಗೆ ಸುರಿದ. "ಖಾಲಿ ಡಬ್ಬಿ ಮನೀಗಿ ಒಯ್ಯಬ್ಯಾಡ್ರಿ."

ಜೇವರ್ಗಿ ಕಾಲೋನಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಪಡಸಾಲೆಯಲ್ಲಿ ಭಾಗೀರಥಿಬಾಯಿಯ ಯಜಮಾನರು ರಘೂತ್ತಮರಾಯರು ಪೇಪರಿನ ಹಿಂದೆ ಇದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಆಸ್ಟ್ರಿಡ್ ಡಬ್ಬಿಯನ್ನು ಎರಡೂ ಕೈಯಲ್ಲಿ ನೀಡಿದಳು. ಭಾಗೀರಥಿಬಾಯಿ ಅದನ್ನು ತಿರುಗಿಸಿ ನೋಡಿದರು. ಇನ್ನೊಮ್ಮೆ ತಿರುಗಿಸಿ ನೋಡಿದರು.

"ಇದೇನ್ರಿ, ಕೋಳಿ?"

"ಗಿಣಿ" ಎಂದಳು ಆಸ್ಟ್ರಿಡ್. ದನಿ ಸತ್ತುಹೋಗಿತ್ತು.

"ನಮ್ಮ ಗಿಣಿ ಅಲ್ಲೇ ಅದ ನೋಡ್ರಿ."

ಭಾಗೀರಥಿಬಾಯಿ ಕೈ ತೋರಿಸಿದ ಕಡೆ, ಹಲಗೆಯ ಮೇಲೆ, ಬದಿಯ ತಗ್ಗಿನೊಂದಿಗೆ ರಾಧಾಬಾಯಿಯ ಡಬ್ಬಿ ಎಂದೂ ಮನೆ ಬಿಟ್ಟು ಹೋಗದ ಸೊಸೆಯಂತೆ ಕೂತಿತ್ತು.

"ಮಧ್ಯಾಹ್ನ ನಿಮ್ಮ ಮಸ್ತಾನಬಿ ಕೊಟ್ಟು ಹೋದ್ಲು. ಇಲ್ಲೇ ಕಾಲೋನಿ ದವಾಖಾನಿಗೇ ಬಂದಿದ್ಲಂತ. ವಾರದಿಂದ ಅಕೀ ಮುಂದ ನೀವು ಇದೇ ಡಬ್ಬಿ ಸುದ್ದಿ ಹೇಳೀರಂತ. ಖರ್ಜೂರ ತುಂಬಿ ತಂದಾಳ, ಒಣಾ ಹಣ್ಣು, ನಮಗ ನಡೀತದ. 'ಟೀಚರ್ ಮರ್ತಾರ, ಬೈಬ್ಯಾಡ್ರಿ' ಅಂತ ಬ್ಯಾರೆ ಹೇಳ್ಯಾಳ."

ಆಸ್ಟ್ರಿಡ್ ತಣ್ಣನೆಯ ಕಲ್ಲುನೆಲದ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಹಕ್ಕಿ ಹಾರಿಹೋಗಿತ್ತು. ಅಳುವೋ ನಗುವೋ ತಿಳಿಯದ ಒಂದು ದನಿಯಲ್ಲಿ ಅವಳು ಎಲ್ಲವನ್ನೂ ಒಪ್ಪಿಕೊಂಡಳು. "ನಾನು ನಿಮಗೆ ಮೋಸ ಮಾಡಲು ಹೊರಟಿದ್ದೆ. ದಯವಿಟ್ಟು ಕ್ಷಮಿಸಿರಿ."

ಭಾಗೀರಥಿಬಾಯಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರು ಕೋಳಿಯನ್ನು ನೋಡಿದರು. ಹಲಗೆಯ ಮೇಲಿನ ಗಿಣಿಯನ್ನು ನೋಡಿದರು. ಮುಖದ ಮೇಲೆ ನಿಧಾನವಾಗಿ ಒಂದು ಬೆಳಕು ಹರಡಿತು.

"ಅಕ್ಕನ ಕಣ್ಣಾಗ ಪೊರಿ ಬಂದದ. ಏನಿದ್ರೂ ಬೆರಳಿಂದ ಮುಟ್ಟೇ ನೋಡ್ತಾಳ" ಎಂದರು, ತಮಗೆ ತಾವೇ ಎಂಬಂತೆ. ಕಲ್ಲುಸಕ್ಕರೆಯನ್ನು ತಾಟಿಗೆ ಸುರಿದು, ಹೊಸ ಡಬ್ಬಿಯನ್ನು ತಲೆಯೆತ್ತರಕ್ಕೆ ಎತ್ತಿ, ಗುರಿ ನೋಡಿ, ನೆಲಕ್ಕೆ ಬಿಟ್ಟರು. ಠಣ್ ಎಂದು ಸದ್ದಾಯಿತು. ಎತ್ತಿ ನೋಡಿದರೆ ಬದಿಯಲ್ಲಿ ಚೊಕ್ಕ ತಗ್ಗು.

"ಏನ ಬಿತ್ತು?" ಎಂದರು ರಘೂತ್ತಮರಾಯರು ಪೇಪರಿನ ಹಿಂದಿನಿಂದ.

"ಅವ್ವನ ಡಬ್ಬಿರಿ" ಎಂದರು ಭಾಗೀರಥಿಬಾಯಿ, ಕಣ್ಣು ಮಿಟುಕಿಸದೆ. ಆಮೇಲೆ ಆಸ್ಟ್ರಿಡ್ ಕಡೆ ಬಾಗಿ, "ಇದನ್ನ ಅಕ್ಕನ ಉಡಿಯಾಗ ಹಾಕಿಬಿಡ್ತೀನಿ. ತಗೋ ನಮ್ಮವ್ವಾ, ನೀನೇ ದೊಡ್ಡಾಕಿ ಅಂತೀನಿ. ಮೂವತ್ತು ವರ್ಷದ ಜಗಳ ಮುಗದು ಹೋಗ್ತದ."

"ಆದರೆ ಅದು ಸುಳ್ಳಲ್ಲವೇ?"

"ಸುಳ್ಳು ಮಾಡ್ಸಿ ತಂದವರು ನೀವು. ನಾ ಬರೇ ಬಡಸಾಕತ್ತೀನಿ."

ಆಗಲೇ ಗೇಟಿನ ಬಳಿ ಆಟೋ ನಿಂತ ಸದ್ದಾಯಿತು. ಪೇಪರು ಮಡಿಸಿದ ರಘೂತ್ತಮರಾಯರು, "ಏ, ನಿಮ್ಮಕ್ಕ ಬಂದ್ರು ನೋಡು. ನಾಳೆ ಅಂದಿದ್ರಲ್ಲ" ಎಂದರು.

ಭಾಗೀರಥಿಬಾಯಿ ಒಂದು ನಿಮಿಷವೂ ಗಾಬರಿಯಾಗಲಿಲ್ಲ. ಹಲಗೆಯಿಂದ ಗಿಣಿ ಡಬ್ಬಿ ಇಳಿಸಿ ಅದರ ಜಾಗದಲ್ಲಿ ಕೋಳಿಯನ್ನು ಕೂರಿಸಿದರು. ಖರ್ಜೂರ ಬೋಗುಣಿಗೆ ಸುರಿದು, ಗಿಣಿ ಡಬ್ಬಿಯನ್ನು ಆಸ್ಟ್ರಿಡ್ ಮಡಿಲಿಗೆ ತುರುಕಿದರು.

"ಮನ್ಯಾಗ ಎರಡಿದ್ರ ಅಕ್ಕಗ ಸುಳಿವು ಹತ್ತತದ. ಅಕೀ ಹೋಗೂತನಕ ಇದು ನಿಮ್ಮ ಕಿಟಕ್ಯಾಗ ಇರ್ಲಿ. ಜ್ವಾಕಿ ಮತ್ತ, ಕಮಲಾಪುರಕ್ಕ ಒಯ್ಯಬ್ಯಾಡ್ರಿ."

"ಅವರು ಎಂದು ಹೋಗುತ್ತಾರೆ?"

"ಅಕ್ಕ ಬಂದ್ಲಂದ್ರ ಹಬ್ಬ ಮುಗಿಸೇ ಹೋಗಾಕಿ. ನಾಳೆ ಅಕೀ ನಿಮ್ಮನ್ನ ಕರದು ಡಬ್ಬಿ ಖರೇ ಅವ್ವಂದೇ ಏನು ಅಂತ ಕೇಳ್ತಾಳ. ಪಾದ್ರಿ ಮಂದಿ ಸುಳ್ಳು ಹೇಳಂಗಿಲ್ಲ ಅಂತ ಅಕೀಗೆ ನಿಮ್ಮ ಮ್ಯಾಲೇ ಭರೋಸ."

ಆಸ್ಟ್ರಿಡ್ ಡಬ್ಬಿ ಹಿಡಿದು ನೆಲದಿಂದ ಎದ್ದಳು. ಭಾಗೀರಥಿಬಾಯಿ ಅವಳನ್ನು ಭುಜ ಹಿಡಿದು ಹಿತ್ತಲ ಬಾಗಿಲಿಗೆ ನಡೆಸಿದರು. ಹೊಸ್ತಿಲಲ್ಲಿ ಏನೋ ನೆನಪಾಗಿ ತಡೆದು, ಓಡಿಹೋಗಿ, ಐದಾರು ಶೇಂಗಾ ಉಂಡಿ ತಂದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಖಾಲಿ ಡಬ್ಬಿ ಹ್ಯಾಂಗ ಕೊಡ್ಲಿ?"

ಮುಂಬಾಗಿಲಲ್ಲಿ ಅಕ್ಕನ ದನಿ ಆಗಲೇ ಹಲಗೆಯನ್ನು ವಿಚಾರಿಸುತ್ತಿತ್ತು. ಆಸ್ಟ್ರಿಡ್ ಡಬ್ಬಿಯನ್ನು ಓಢಣಿಯಲ್ಲಿ ಮರೆಮಾಡಿಕೊಂಡು, ಮಾಳಿಗೆಯ ಕಿಟಕಿಯಲ್ಲಿ ತನಗಾಗಿ ಕಾದಿದ್ದ ಆ ಖಾಲಿ ವೃತ್ತದ ಕಡೆಗೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಹಿತ್ತಲ ಬಾಗಿಲು ಅವಳ ಬೆನ್ನ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.