ಬೀಗರನ್ನು ಅಳಿಸಿದ ಸಾರು

"ಇದನ್ನ ಗ್ರೈಂಡರ್ ಅಂದ್ರೆ ನಿನ್ನನ್ನ ಮನೆಯಿಂದ ಆಚೆ ಹಾಕ್ತೀನಿ ಚನ್ನವೀರ! ಇದರ ಹೆಸರು ಹರ್ಷಮಂಥನ!"

ಭಾವ ಏನೇ ಹೇಳಲಿ, ಅದು ನಮ್ಮಕ್ಕ ನೀಲಾಂಬಿಕೆಯ ಹಳೇ ಗ್ರೈಂಡರೇ. ಅದರ ಹೊಟ್ಟೆಗೆ ಮೀನಿನ ತೊಟ್ಟಿಯ ಪಂಪು, ಸಲೈನ್ ಪೈಪು, ಏಳು ಪದರದ ಜರಡಿ ಸೇರಿಕೊಂಡಿದ್ದವು. ಮೈಮೇಲೆ ಎರಡು ನಲ್ಲಿ. ಒಂದರ ಮೇಲೆ ‘ಊಟಕ್ಕೆ’, ಇನ್ನೊಂದರ ಮೇಲೆ ‘ಬೇಡದ್ದು’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು.

ಭಾವ ಗುರುಶಾಂತಪ್ಪನವರು ದಾವಣಗೆರೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಹುಡುಗರಿಗೆ ಆಸಿಡ್ ಅಳೆದುಕೊಟ್ಟು ನಿವೃತ್ತರಾದವರು. ಅವರ ರೊಟ್ಟಿ ತಟ್ಟುವ ಯಂತ್ರ ರೊಟ್ಟಿಗಳನ್ನು ಎದುರುಮನೆಯ ತಾರಸಿಗೆ ಎಸೆದದ್ದು ಇಡೀ ಬಡಾವಣೆಗೆ ಗೊತ್ತು. ಆದರೂ ಅವರ ಒಂದು ಪ್ರದರ್ಶನವನ್ನೂ ನಾನು ತಪ್ಪಿಸಿಕೊಂಡಿಲ್ಲ. ನನ್ನ ಕನ್ನಡಕದಂಗಡಿ ಮುಚ್ಚಿಯಾದರೂ ಬರುತ್ತಿದ್ದೆ. ಅದಕ್ಕೆ ವಿಜ್ಞಾನದ ಮೇಲಿನ ಪ್ರೀತಿ ಕಾರಣವಲ್ಲ.

"ಮನುಷ್ಯ ನೆಮ್ಮದಿಯಾಗಿರ್ಬೇಕು ಅಂದ್ರೆ ಮೆದುಳಿನಾಗೆ ಸೆರೊಟೋನಿನ್ ಇರ್ಬೇಕು," ಎಂದರು ಭಾವ.

"ಅದನ್ನೇ ಒಂದು ಚಮಚ ಸಾರಿಗೆ ಹಾಕಿದ್ರಾತಲ್ಲ?"

"ದಡ್ಡ! ತಿಂದ ಸೆರೊಟೋನಿನ್ನು ಮೆದುಳಿನ ಬಾಗಿಲು ದಾಟಲ್ಲ. ಒಳಗೇ ತಯಾರಾಗ್ಬೇಕು. ಅದಕ್ಕೆ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲ ಬೇಕು. ಅದು ಬೇಳೆಯಾಗೆ ಐತೆ, ಹಾಲಿನಾಗೆ ಐತೆ, ಶೇಂಗಾದಾಗೆ ಐತೆ."

"ಹಂಗಾದ್ರೆ ದಿನಾ ಬೇಳೆ ತಿನ್ನೋ ನಾವೆಲ್ಲ ಯಾಕೆ ಹಿಂಗಿದೀವಿ?"

ಈ ಪ್ರಶ್ನೆಗೇ ಕಾದಿದ್ದವರಂತೆ ಭಾವ ಕುರ್ಚಿಯಿಂದ ಎದ್ದರು. "ಹರಿಹರದ ಬಸ್ಸು ಹತ್ತಿದೀಯಲ್ಲ? ಇರೋದು ಒಂದೇ ಬಾಗಿಲು. ಲ್ಯೂಸಿನ್ನು, ಟೈರೋಸಿನ್ನು ಅಂತ ದಾಂಡಿಗ ಅಮೈನೋ ಆಮ್ಲಗಳು ಗುಂಪುಗುಂಪಾಗಿ ನುಗ್ತಾವೆ. ಕಿಟಕಿಯಾಗೆ ಟವೆಲ್ ಹಾಕಿ ಸೀಟು ಹಿಡೀತಾವೆ! ಟ್ರಿಪ್ಟೊಫಾನ್ ಪಾಪ, ಎಣಿಕೆಗೆ ಕಡಿಮೆ. ಸ್ಟ್ಯಾಂಡಿನಾಗೇ ಉಳ್ಕಂತೈತೆ. ನನ್ನ ಯಂತ್ರ ಆ ದಾಂಡಿಗರನ್ನ ಸೋಸಿ ಆಚೆ ತಳ್ತೈತೆ!"

ಸೋಸಿದ ಸಾರನ್ನು ಒಂದು ಲೋಟ ಕುಡಿದೆ. ಊಟ ಮೆದುಳಿನ ಮೇಲೆ ಕೆಲಸ ಮಾಡಲು ಗಂಟೆಗಟ್ಟಲೆ ಬೇಕಂತೆ. ಭಾವನ ಸಾರಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಅಂದು ಬೆಳಿಗ್ಗೆ ಹದಿನೇಳು ಫ್ರೇಮು ತೆಗೆಸಿ ಒಂದನ್ನೂ ಕೊಳ್ಳದೆ ಹೋಗಿದ್ದ ಗಿರಾಕಿಗೆ ನಾನೇ ಫೋನ್ ಮಾಡಿ, "ನಿಮ್ಮ ಮೂಗು ಬಹಳ ಚೆನ್ನಾಗಿದೆ ಸಾರ್," ಎಂದುಬಿಟ್ಟೆ!

ಭಾವ ಕುಣಿದಾಡಿದರು. "ಸಿಂಚನಳ ನಿಶ್ಚಿತಾರ್ಥಕ್ಕೆ ಇದೇ ಸಾರು! ಬೀಗರು ನಗದಿದ್ರೆ ಕೇಳು!"

ಭಾವನ ಮಗಳು ಸಿಂಚನಳ ಮಾವನಾಗಲಿದ್ದ ಹರಿಹರದ ಮರುಳಸಿದ್ದಪ್ಪ ನಿವೃತ್ತ ಹೆಡ್‌ಮಾಸ್ಟರು. ತಮ್ಮ ಮದುವೆಯ ಫೋಟೋದಲ್ಲೂ ಶ್ರದ್ಧಾಂಜಲಿ ಜಾಹೀರಾತಿನವರಂತೆ ಕಾಣುವ ಮನುಷ್ಯ. ಅವರು ನಗುತ್ತಾರೆಂದರೆ ನೋಡಬೇಕಾದ್ದೇ.

ನಿಶ್ಚಿತಾರ್ಥದ ಬೆಳಿಗ್ಗೆ ಅಕ್ಕ ನಾಲ್ಕು ಜನರ ಮುಂದೆ ಮರ್ಯಾದೆ ಹೋಗಬಾರದೆಂದು ಯಂತ್ರವನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಯಂತ್ರ ಫಳಫಳ ಹೊಳೆಯಿತು. ಕೆಂಪು ಅಕ್ಷರಗಳೂ ತೊಳೆದುಹೋದವು!

"ರೀ, ಊಟದ ನಲ್ಲಿ ಯಾವುದು? ಎಡಗಡೇದೋ ಬಲಗಡೇದೋ?" ಎಂದು ಕೂಗಿದಳು.

ಯಂತ್ರದ ಆ ಬದಿಯಲ್ಲಿ ನಿಂತು ಪಂಚೆ ಉಡುತ್ತಿದ್ದ ಭಾವ, "ಎಡಗಡೇದು ಕಣೇ!" ಎಂದರು.

ಎದುರುಬದುರು ನಿಂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅಕ್ಕ ತನ್ನ ಎಡಗಡೆಯ ನಲ್ಲಿಯಿಂದ ದಾಂಡಿಗರ ಸಾರನ್ನೆಲ್ಲ ಊಟಕ್ಕೆ ಹಿಡಿದಳು. ಟ್ರಿಪ್ಟೊಫಾನ್ ತುಂಬಿದ ಕೊಳಗವನ್ನು ‘ಬೇಡದ್ದು’ ಎಂದು ಹಿತ್ತಿಲ ಗೋಡೆಯಾಚೆ ಸುರಿದಳು.

ಉಂಗುರ ಬದಲಾಯಿಸಿ ಪಂಕ್ತಿ ಕೂತಿತು. ನಾನು ಸಾರಿನ ಬಕೆಟ್ಟು ಹಿಡಿದು ಬಡಿಸಿದೆ. "ಸಾರು ಭಾಳ ರುಚಿ ಐತ್ರಿ," ಎಂದು ಮರುಳಸಿದ್ದಪ್ಪನವರು ಮೂರು ಸಲ ಹಾಕಿಸಿಕೊಂಡರು. ಭಾವ ನನ್ನತ್ತ ಕಣ್ಣು ಮಿಟುಕಿಸಿದರು. ಸಿಂಚನ ಮತ್ತು ಹುಡುಗ ಕೊಟ್ರೇಶ ಮಾತ್ರ ಊಟಕ್ಕೆ ಬರದೆ ತಾರಸಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಇಪ್ಪತ್ತು ನಿಮಿಷವಾಯಿತು. ಮರುಳಸಿದ್ದಪ್ಪನವರ ಗಲ್ಲ ನಡುಗಿತು. ನಗು ಬಂತೆಂದು ನಾವೆಲ್ಲ ಬಗ್ಗಿ ನೋಡಿದೆವು.

"ನನ್ನ ಕ್ಲಾಸಿನ ಒಬ್ಬ ಹುಡುಗ ಹದಿನೇಳರ ಮಗ್ಗಿ ಸರಿಯಾಗೇ ಹೇಳಿದ್ದ ಕಣ್ರಿ!" ಎಂದು ಅವರು ಗೊಳೋ ಎಂದು ಅತ್ತರು. "ನಂಗೇ ಮರ್ತೋಗಿತ್ತು! ಆದ್ರೂ ಹೊಡ್ದೆ! ಪಾಪ, ಕೈ ಬಾತ್ಕಂಡಿತ್ತು!"

ಪಕ್ಕದಲ್ಲಿದ್ದ ಬೀಗಿತಿ ಗಂಡನನ್ನು ಸಮಾಧಾನ ಮಾಡಲು ಹೋಗಿ ತಾವೇ ಬಿಕ್ಕಿದರು. "ನಂದು ಅಂತ ಊರಿಗೆಲ್ಲ ಹಂಚಿದ ಹೋಳಿಗೆ ನಂದಲ್ರಿ, ನಮ್ಮ ವಾರಗಿತ್ತೀದು! ಅವಳ ಹೆಸರು ಒಂದಿನಾನೂ ಹೇಳ್ಲಿಲ್ಲ!"

ಶಾಸ್ತ್ರ ಮಾಡಿಸಿದ್ದ ಅಯ್ಯನವರು ಎಲೆಯ ಮುಂದೆ ಕೈಮುಗಿದರು. "ನನ್ನ ಬಸ್ಸು ತಡ ಆತು. ಉಂಗುರ ತೊಡಿಸೋ ಹೊತ್ತಿಗೆ ಮುಹೂರ್ತ ಮುಗಿದು ಮುಕ್ಕಾಲು ಗಂಟೆ ಆಗಿತ್ತು! ಹೇಳಾಕೆ ಧೈರ್ಯ ಬರ್ಲಿಲ್ಲ!"

ಪಂಕ್ತಿಯೆಲ್ಲ ಹಾಹಾಕಾರ! ಅರವತ್ತು ಎಲೆಗಳ ಮುಂದೆ ಅರವತ್ತು ಜನ ಅಳುತ್ತಿದ್ದರು.

"ನಮ್ಮಂಥ ಪಾಪಿಗಳಿಗೆ ನಿಮ್ಮ ಹುಡುಗಿ ಬ್ಯಾಡ್ರಿ! ಸಂಬಂಧ ಇಲ್ಲಿಗೇ ಬಿಡಾಣ!" ಎಂದರು ಮರುಳಸಿದ್ದಪ್ಪ.

"ಅದೆಂಗ್ರಿ? ನಿಮ್ಮಂಥ ದೇವರಂಥೋರಿಗೆ ನಮ್ಮ ಹುಡುಗೀನೇ ಬ್ಯಾಡ!" ಎಂದಳು ಅಕ್ಕ.

ಜಗಳವಾಡಿ ಮುರಿದ ಸಂಬಂಧಗಳನ್ನು ನೋಡಿದ್ದೇನೆ. ಒಬ್ಬರಿಗಿಂತ ಒಬ್ಬರು ಕೀಳೆಂದು ಪೈಪೋಟಿಗೆ ಬಿದ್ದು ಉಂಗುರ ಬಿಚ್ಚಿಸಲು ಹೊರಟವರನ್ನು ನೋಡಿದ್ದು ಅದೇ ಮೊದಲು!

ಭಾವನನ್ನು ಹುಡುಕಿಕೊಂಡು ಹಿತ್ತಿಲಿಗೆ ಓಡಿದೆ. ಅವರೂ ರುಚಿ ನೋಡುವ ನೆಪದಲ್ಲಿ ಮೂರು ಬಟ್ಟಲು ಸಾರು ಕುಡಿದಿದ್ದರು. ಯಂತ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು.

"ನಲ್ಲಿ ಅದಲುಬದಲು ಆಗೇತಿ," ಎಂದು ಕಣ್ಣೊರೆಸಿಕೊಂಡರು. "ಎಲ್ರಿಗೂ ಬಾಳೆಹಣ್ಣು, ಹಾಲು, ಶೇಂಗಾ ಕೊಡಿಸು. ಸಂಜೆಗೆ ಸರಿಹೋಗ್ತಾರೆ."

ತಾರಸಿಯತ್ತ ಕೂಗಿ ಹೇಳಿದೆ. ಮನೆಯಲ್ಲಿ ನೆಟ್ಟಗೆ ಯೋಚಿಸಬಲ್ಲವರಾಗಿ ಉಳಿದಿದ್ದ ಸಿಂಚನ, ಕೊಟ್ರೇಶ ಬೈಕಿನಲ್ಲಿ ಗೊನೆ ತರಲು ಹೋದರು. ನಾನೂ ಹೊರಟಾಗ ಭಾವ ನನ್ನ ಕೈ ಹಿಡಿದುಕೊಂಡರು.

"ಪುಣೆಯೋರು ಒಂದು ಉತ್ತರಾನೂ ಬರೀಲಿಲ್ಲ ಕಣೋ. ಸಂಶೋಧನಾಲಯಕ್ಕೆ ಅರ್ಜಿ ಹಾಕಿದ್ನಲ್ಲ, ನೀನಾಗ ಪಿಯುಸಿ. ಬರ್ಬೇಡ ಅಂತಾದ್ರೂ ಬರೀಬಹುದಿತ್ತು. ನಾನು ಯಾತಕ್ಕೂ ಬಾರದೋನು ಅಂತ ಅವತ್ತೇ ಗೊತ್ತಾತು. ಅಲ್ಲ ಅಂತ ತೋರ್ಸಾಕೆ ಇಷ್ಟು ಯಂತ್ರ ಮಾಡ್ದೆ. ಒಂದೂ ನೆಟ್ಟಗಾಗ್ಲಿಲ್ಲ."

ಪುಣೆಯವರು ಉತ್ತರ ಬರೆದಿದ್ದರು. ಸಂದರ್ಶನಕ್ಕೆ ಬನ್ನಿ ಎಂದು ಬರೆದಿದ್ದರು. ಭಾವ ಎನ್ನೆಸ್ಸೆಸ್ ಕ್ಯಾಂಪಿನಲ್ಲಿದ್ದಾಗ ಪೋಸ್ಟ್‌ಮ್ಯಾನ್ ಆ ಲಕೋಟೆಯನ್ನು ಅಕ್ಕನ ಮನೆಯಲ್ಲೇ ಇದ್ದು ಓದುತ್ತಿದ್ದ ನನ್ನ ಕೈಗೆ ಕೊಟ್ಟಿದ್ದ. ಭಾವ ಪುಣೆಗೆ ಹೋದರೆ ಅಕ್ಕನೂ ಹೋಗುತ್ತಾಳೆ, ನನಗೆ ಹಾಸ್ಟೆಲಿನ ನೀರುಸಾರೇ ಗತಿ ಎಂದು ಹೆದರಿದೆ. ಲಕೋಟೆಯನ್ನು ಭದ್ರಾ ನಾಲೆಗೆ ಬಿಟ್ಟು ಬಂದು, ಅಕ್ಕ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡೆ.

ಅಲ್ಲೇ ಮಣ್ಣಿನಲ್ಲಿ ಕೂತು ಅದನ್ನೆಲ್ಲ ಭಾವನಿಗೆ ಹೇಳಿದೆ. ಅವರು ನನ್ನ ಕೈ ಬಿಟ್ಟರು.

ಸಂಜೆಯ ಹೊತ್ತಿಗೆ ಆರು ಗೊನೆ ಬಾಳೆಹಣ್ಣು ಖಾಲಿಯಾಯಿತು. ಅಳು ನಿಂತಿತು. ಅಯ್ಯನವರು ಪಂಚಾಂಗದಲ್ಲಿ ಇನ್ನೊಂದು ಒಳ್ಳೆಯ ಗಳಿಗೆ ಹುಡುಕಿದರು, ಉಂಗುರ ಮತ್ತೊಮ್ಮೆ ತೊಡಿಸಿದ್ದಾಯಿತು. "ಎಲ್ಲಾ ಆ ಸಾರಿನ ಮಹಿಮೆ ಬಿಡ್ರಿ," ಎಂದು ಮರುಳಸಿದ್ದಪ್ಪನವರು ಎಂದಿನ ಮುಖ ಹಾಕಿಕೊಂಡು ಹೊರಟರು. ನಾನೂ ಬಾಗಿಲಲ್ಲಿ ನಿಂತು, "ಹೌದ್ರಿ, ಸಾರಿನ ಮಹಿಮೆ," ಎಂದು ಗಟ್ಟಿಯಾಗಿ ಹೇಳಿದೆ, ಭಾವನಿಗೆ ಕೇಳುವ ಹಾಗೆ.

ಮೂರು ದಿನ ಕಳೆದು ಭಾವ ನೋಟ್‌ಬುಕ್ಕು ಹಿಡಿದು ಅಂಗಡಿಗೆ ಬಂದರು. ಯಾರು ಎಷ್ಟು ಸಾರು ಕುಡಿದರು, ಎಷ್ಟು ಹೊತ್ತು ಅತ್ತರು ಎಂದು ಪಟ್ಟಿ ಮಾಡುತ್ತಿದ್ದರು. ನನ್ನ ಮುಖ ನೋಡದೆ ಕೇಳಿದರು:

"ನೀನು ಎಷ್ಟು ಸೌಟು?"

ನಾಲ್ಕು ಎನ್ನಬಹುದಿತ್ತು. ನಾಲ್ಕು ಎಂದಿದ್ದರೆ ಹಿತ್ತಿಲಲ್ಲಿ ನಾನು ಹೇಳಿದ್ದನ್ನೂ ಸಾರಿನ ಲೆಕ್ಕಕ್ಕೆ ಬರೆಯಲು ಅವರೂ ತಯಾರಿದ್ದರು; ಪೆನ್ನು ಹಿಡಿದ ರೀತಿಯಲ್ಲೇ ಅದು ಕಾಣುತ್ತಿತ್ತು. ಆದರೆ ಅಂದು ನಾನು ಬಡಿಸುತ್ತಿದ್ದವನು, ಬೆಳಗಿನಿಂದ ಬರೀ ಕಾಫಿ ಕುಡಿದವನು.

"ಒಂದೂ ಇಲ್ಲ ಭಾವ."

ಭಾವ ಪೆನ್ನಿನ ಕ್ಯಾಪು ಹಾಕಿದರು. "ಹಂಗಾದ್ರೆ ನಿನ್ನ ಹೆಸರು ಈ ಪಟ್ಟಿಯಾಗೆ ಬರಲ್ಲ," ಎಂದು ಹೊರಟುಹೋದರು.

ಆಮೇಲೆ ಹನ್ನೆರಡು ದಿನ ಮಾತಿಲ್ಲ. ಹದಿಮೂರನೆಯ ದಿನ ಹಿಂದಿನ ಮನೆಯ ದಾದಾಪೀರ್ ಗೋಡೆಯಾಚೆಯಿಂದ ಕೂಗಾಡಿದರು. ಅಕ್ಕ ಸುರಿದ ಸಾರಿನಲ್ಲಿ ನೆನೆದ ಕಾಳುಗಳನ್ನು ಅವರ ಹುಂಜ ಮೂರು ದಿನ ಹೆಕ್ಕಿ ತಿಂದಿತ್ತಂತೆ. ಬೀದಿನಾಯಿಯನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದ ಹುಂಜ ಈಗ ಕೂಗುವುದನ್ನೂ ಬಿಟ್ಟು, ಕೋಳಿಯನ್ನು ಎಬ್ಬಿಸಿ, ಹನ್ನೊಂದು ಮೊಟ್ಟೆಗಳ ಮೇಲೆ ಕಣ್ಣು ಮುಚ್ಚಿ ಕಾವು ಕೂತಿತ್ತು!

"ಮರಿ ಆದ್ರೆ ಇದನ್ನ ಅಪ್ಪ ಅಂತ ಕರೀಬೇಕೋ ಅಮ್ಮ ಅಂತ ಕರೀಬೇಕೋ ನೀವೇ ಹೇಳ್ರಿ ಸಾರ್!" ಎಂದರು ದಾದಾಪೀರ್.

ನೋಡಲು ನಾನೂ ಹೋಗಿದ್ದೆ. ಭಾವ ಗೋಡೆಯ ಬಳಿ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟರು.

ಈಗ ಭಾವ ನನ್ನ ಜೊತೆ ಮಾತಾಡುತ್ತಾರೆ. ಹುಂಜದ ವಿಷಯ ಮಾತ್ರ.